ಫಿಫ್ತ್ ವೀಲ್ ಟ್ರೇಲರ್ ಕೈಕೊಟ್ಟಾಗ: ಮೊದಲ ವರ್ಷದ ತೊಂದರೆಗಳನ್ನು ಹುಡುಕುವ ಬಗೆ

ಹೊಸ ಟ್ರೇಲರ್‌ನಲ್ಲಿ ಹೀಟರ್ ಹತ್ತದಿದ್ದರೆ ಹೀಟರೇ ಕೆಟ್ಟಿದೆ ಅಂದುಕೊಳ್ಳುತ್ತೇವೆ. ಸ್ಲೈಡ್, ಅಂದರೆ ಹೊರಕ್ಕೆ ಸರಿದು ಕೋಣೆಯನ್ನು ಅಗಲ ಮಾಡುವ ಭಾಗ, ಅರ್ಧಕ್ಕೆ ನಿಂತರೆ ಮೋಟಾರ್ ಹೋಯಿತು ಅನ್ನುತ್ತೇವೆ. ಬಹಳ ಸಲ ಎರಡೂ ಸರಿಯಾಗೇ ಇರುತ್ತವೆ. ಅವಕ್ಕೆ ಸಿಗಬೇಕಾದ ಕರೆಂಟ್ ಸಿಕ್ಕಿರುವುದಿಲ್ಲ, ಅಷ್ಟೇ. ಹಾಗಾಗಿ ಏನೇ ನಿಂತರೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಯಾವ ಕರೆಂಟಿನಲ್ಲಿ ಓಡುತ್ತದೆ, ಆ ಕರೆಂಟ್ ಇಲ್ಲಿಯವರೆಗೆ ಬಂದಿದೆಯಾ?

ಇದು ಅಮೆರಿಕದಲ್ಲಿ ಮೊದಲ ಸಲ ಫಿಫ್ತ್ ವೀಲ್ ಕೊಂಡವರಿಗಾಗಿ ಬರೆದದ್ದು. ಪಿಕಪ್ ಟ್ರಕ್ಕಿನ ಬೆಡ್‌ನಲ್ಲಿ ಹಿಚ್ ಕೂರಿಸಿ, ಅದಕ್ಕೆ ಟ್ರೇಲರ್‌ನ ಕಿಂಗ್‌ಪಿನ್ ಸಿಕ್ಕಿಸಿ ಎಳೆಯುವ ಮನೆಗಾಡಿ ಇದು. ನಮ್ಮ ಕಡೆ ಹೈವೇಯಲ್ಲಿ ಕಂಟೇನರ್ ಲಾರಿಗಳನ್ನು ಎಳೆಯುವ ಜೋಡಣೆಯೂ ಇದೇ ಬಗೆಯದು. ಆದರೆ ಲಾರಿಯ ಹಿಂದೆ ಅಡುಗೆಮನೆ, ಬಚ್ಚಲು, ಗ್ಯಾಸ್ ಒಲೆ ಇರುವುದಿಲ್ಲವಲ್ಲ! ಇಲ್ಲಿ ಅವೆಲ್ಲ ಇವೆ. ಜೊತೆಗೆ ಗಂಟೆಗೆ 60 ಮೈಲಿ ವೇಗದಲ್ಲಿ ಕುಲುಕುತ್ತಾ ಬರುತ್ತವೆ.

ಕೈಯಲ್ಲಿ ಇರಲೇಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಮಲ್ಟಿಮೀಟರ್, ಟ್ರಕ್ಕಿನ ಸಾಕೆಟ್‌ಗೆ ಚುಚ್ಚುವ 7 ಪಿನ್ ಟೆಸ್ಟರ್, ಟಾರ್ಕ್ ರೆಂಚ್, ಟೈರಿನ ಗಾಳಿ ನೋಡುವ ಗೇಜ್, ಒಂದಷ್ಟು ಬ್ಲೇಡ್ ಫ್ಯೂಸ್, ಸೋಪು ನೀರಿನ ಸ್ಪ್ರೇ ಬಾಟಲಿ. ಕೈಲಿ ಹಿಡಿದು ಗುರಿ ಇಟ್ಟರೆ ಬಿಸಿ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಇವುಗಳಲ್ಲಿ ಮಲ್ಟಿಮೀಟರ್ ಬಳಸಲು ಕಲಿಯದೆ ಮುಂದೆ ಹೋಗಬೇಡಿ. ಅದು ಇಲ್ಲದೆ ಮಾಡುವ ರಿಪೇರಿ ಬರೀ ಊಹೆ.

ಮೂರು ಬಗೆಯ ಕರೆಂಟ್

ಮೊದಲನೆಯದು ಟ್ರಕ್‌ನಿಂದ 7 ಪಿನ್ ಕೇಬಲ್ ಮೂಲಕ ಬರುವುದು. ಟ್ರೇಲರ್‌ನ ಹಿಂದಿನ ದೀಪಗಳು, ಇಂಡಿಕೇಟರ್ ಮತ್ತು ಬ್ರೇಕ್ ಇದರಲ್ಲಿ ಓಡುತ್ತವೆ. ಎರಡನೆಯದು ಟ್ರೇಲರ್‌ನದೇ 12 ವೋಲ್ಟ್ ಬ್ಯಾಟರಿ. ಒಳಗಿನ ದೀಪ, ನೀರಿನ ಪಂಪ್, ಹೀಟರ್‌ನ ಫ್ಯಾನ್, ಸ್ಲೈಡ್, ಮುಂದಿನ ಕಾಲುಗಳು, ಗ್ಯಾಸ್ ಉಪಕರಣಗಳ ಕಂಟ್ರೋಲ್ ಬೋರ್ಡ್ ಎಲ್ಲ ಇದಕ್ಕೆ ಸೇರಿದ್ದು. ಮೂರನೆಯದು ಕ್ಯಾಂಪ್‌ಗ್ರೌಂಡ್‌ನ ಕಂಬದಿಂದ ಬರುವ 120 ವೋಲ್ಟ್. ಏಸಿ, ಮೈಕ್ರೋವೇವ್, ಗೋಡೆಯ ಸಾಕೆಟ್‌ಗಳು ಇದರಲ್ಲಿ. ಈ 120 ವೋಲ್ಟ್ ಬಂದಾಗ ಕನ್ವರ್ಟರ್ ಅನ್ನುವ ಪೆಟ್ಟಿಗೆ ಅದನ್ನು 12 ವೋಲ್ಟ್‌ಗೆ ಇಳಿಸಿ ಬ್ಯಾಟರಿಯನ್ನೂ ಚಾರ್ಜ್ ಮಾಡುತ್ತದೆ.

ಒಂದೇ ಸಲಕ್ಕೆ ಹಲವು ಸಾಮಾನು ನಿಂತಿದ್ದರೆ, ಅವೆಲ್ಲ ಯಾವ ಗುಂಪಿನವು ಅಂತ ನೋಡಿ. ಪಂಪ್, ದೀಪ, ಹೀಟರ್ ಮೂರೂ ಸತ್ತಿವೆ, ಆದರೆ ಮೈಕ್ರೋವೇವ್ ಓಡುತ್ತಿದೆ ಅಂದರೆ ಹುಡುಕಬೇಕಾದ ಜಾಗ 12 ವೋಲ್ಟ್ ಕಡೆ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಬ್ಯಾಟರಿಗೆ ಕೈ ಹಾಕುವ ಮೊದಲು ಒಂದು ಎಚ್ಚರಿಕೆ. ಕಾರಿನಲ್ಲಿ ಕಪ್ಪು ತಂತಿ ಮೈನಸ್. ಟ್ರೇಲರ್‌ನ 12 ವೋಲ್ಟ್ ವೈರಿಂಗ್‌ನಲ್ಲಿ ಸಾಮಾನ್ಯವಾಗಿ ಕಪ್ಪು ಪ್ಲಸ್, ಬಿಳಿ ಮೈನಸ್. ಕಾರಿನ ರೂಢಿಯಲ್ಲೇ ಬ್ಯಾಟರಿ ಬದಲಿಸಿದವರು ಉಲ್ಟಾ ಜೋಡಿಸುತ್ತಾರೆ. ಆಗ ಕನ್ವರ್ಟರ್‌ನಲ್ಲಿರುವ ರಿವರ್ಸ್ ಪೋಲಾರಿಟಿ ಫ್ಯೂಸ್‌ಗಳು ತಕ್ಷಣ ಹಾರಿಹೋಗುತ್ತವೆ. ಹೊಸ ಬ್ಯಾಟರಿ ಹಾಕಿದ ಮೇಲೆ ಕಂಬದ ಕರೆಂಟ್‌ನಲ್ಲಿ ಎಲ್ಲ ಸರಿ, ಆದರೆ ಬ್ಯಾಟರಿ ಚಾರ್ಜ್ ಆಗುತ್ತಲೇ ಇಲ್ಲ ಅಂದರೆ ಮೊದಲು ಆ ಫ್ಯೂಸ್‌ಗಳನ್ನು ನೋಡಿ.

ಹಿಚ್: ಸಿಕ್ಕಿಲ್ಲ, ಬಿಡುತ್ತಿಲ್ಲ, ಕುಲುಕುತ್ತಿದೆ

ಹಿಚ್‌ನ ದೋಷ ತುಂಬ ಅಪಾಯದ್ದು. ಕಿಂಗ್‌ಪಿನ್ 2 ಇಂಚು ದಪ್ಪದ ಉಕ್ಕಿನ ಗೂಟ. ಹಿಚ್‌ನ ದವಡೆಗಳು ಅದನ್ನು ಸುತ್ತ ಹಿಡಿಯಬೇಕು. ಟ್ರೇಲರ್‌ನ ಮೂತಿ ಜಾಸ್ತಿ ಎತ್ತರದಲ್ಲಿದ್ದಾಗ ಟ್ರಕ್ ಹಿಂದಕ್ಕೆ ತಂದರೆ ಪಿನ್ ದವಡೆಗಳ ಮೇಲೆಯೇ ಕೂರುತ್ತದೆ. ಹ್ಯಾಂಡಲ್ ಮುಚ್ಚಿದಂತೆಯೂ ಕಾಣಬಹುದು. ಅದು ಬಾಗಿಲು ಮುಂದೆ ಮಾಡಿ ಅಗುಳಿ ಹಾಕದೆ ಬಿಟ್ಟ ಹಾಗೆ. ಕ್ಯಾಂಪ್‌ಗ್ರೌಂಡ್‌ನಿಂದ ಹೊರಟು ಮೊದಲ ತಿರುವಿನಲ್ಲೋ ಹಳ್ಳದಲ್ಲೋ ಟ್ರೇಲರ್ ಕಳಚಿ ಟ್ರಕ್ಕಿನ ಬೆಡ್ ಮೇಲೆ ಬೀಳುತ್ತದೆ.

ಇದನ್ನು ಕಂಡುಹಿಡಿಯುವುದು ಸುಲಭ. ಟಾರ್ಚ್ ಹಿಡಿದು ಪಕ್ಕದಿಂದ ಬಗ್ಗಿ ನೋಡಿ. ಹಿಚ್‌ನ ತಟ್ಟೆ ಮತ್ತು ಟ್ರೇಲರ್ ಕಡೆಯ ತಟ್ಟೆಯ ನಡುವೆ ಬೆಳಕು ಕಾಣಬಾರದು. ಕಂಡರೆ ಪಿನ್ ಮೇಲೆ ಕೂತಿದೆ. ಬಿಡಿಸಿ, ಮೂತಿ ಇಳಿಸಿ ಮತ್ತೆ ಮಾಡಿ. ಟ್ರೇಲರ್‌ನ ತಟ್ಟೆ ಹಿಚ್‌ನ ತಟ್ಟೆಗಿಂತ ಅರ್ಧದಿಂದ ಒಂದು ಇಂಚು ಕೆಳಗಿದ್ದರೆ, ಟ್ರಕ್ ಹಿಂದೆ ಬಂದಾಗ ಮೂತಿಯನ್ನು ಸ್ವಲ್ಪ ಎತ್ತಿಕೊಂಡು ಸರಿಯಾಗಿ ಒಳಗೆ ಹೋಗುತ್ತದೆ.

ಆಮೇಲೆ ಎಳೆದು ನೋಡುವ ಪರೀಕ್ಷೆ. ಟ್ರೇಲರ್‌ನ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟೇ ಇರಲಿ. ಮುಂದಿನ ಕಾಲುಗಳನ್ನು ನೆಲದಿಂದ ಸ್ವಲ್ಪವೇ ಮೇಲೆತ್ತಿ. ಕೇಬಲ್ ಸಿಕ್ಕಿಸಿ, ಟ್ರಕ್ಕಿನೊಳಗಿನ ಬ್ರೇಕ್ ಕಂಟ್ರೋಲರ್‌ನ ಲಿವರ್‌ನಿಂದ ಟ್ರೇಲರ್ ಬ್ರೇಕನ್ನು ಕೈಯಿಂದ ಒತ್ತಿ ಹಿಡಿದು, ಟ್ರಕ್ಕನ್ನು ಮೆತ್ತಗೆ ಮುಂದಕ್ಕೆ ಎಳೆಯಿರಿ. ಕಳಚಿದರೂ ಒಂದು ಇಂಚು ಮಾತ್ರ ಬೀಳುತ್ತದೆ. ಇದನ್ನು ಬಿಟ್ಟು ಹೊರಡುವ ಅನುಭವಿಗಳನ್ನು ನೋಡಿ ಕಲಿಯಬೇಡಿ.

ಹ್ಯಾಂಡಲ್ ಬಿಡುತ್ತಿಲ್ಲ ಅಂದರೆ ಕೆಟ್ಟಿದೆ ಅಂತಲ್ಲ. ಪಿನ್ ದವಡೆಗಳಿಗೆ ಒತ್ತಿ ನಿಂತಿದೆ. ಸುತ್ತಿಗೆ ಬೇಡ. ಅಡ್ಡಗಟ್ಟೆ ಭದ್ರ ಮಾಡಿ, ಟ್ರಕ್ಕನ್ನು ರಿವರ್ಸ್‌ನಲ್ಲಿ ಸ್ವಲ್ಪ ಹಿಂದಕ್ಕೆ ಒತ್ತಿ, ಹಾಗೇ ಪಾರ್ಕಿಂಗ್ ಬ್ರೇಕ್ ಹಾಕಿ ಇಳಿದು ಬನ್ನಿ. ಹ್ಯಾಂಡಲ್ ಸಲೀಸಾಗಿ ಬರುತ್ತದೆ. ಈ ಹೊತ್ತಿನಲ್ಲಿ ಟ್ರಕ್ ಮತ್ತು ಟ್ರೇಲರ್ ನಡುವೆ ಯಾರೂ ನಿಲ್ಲಬಾರದು, ಸಹಾಯ ಮಾಡಲು ಬಂದ ಪಕ್ಕದ ಸೈಟಿನವರೂ ಸಹ. ಮುಂದೆ ಹೊರಡುವ ಮೊದಲು ಟೇಲ್‌ಗೇಟ್ ಇಳಿಸಿದೆಯಾ ನೋಡಿ. ಮುಚ್ಚಿದ ಟೇಲ್‌ಗೇಟನ್ನು ಟ್ರೇಲರ್‌ನ ಮೂತಿಯಿಂದ ಜಜ್ಜುವುದು ಈ ಹವ್ಯಾಸದ ದೀಕ್ಷೆ ಅಂತ ತಮಾಷೆ ಮಾಡುತ್ತಾರೆ. ಬಿಲ್ ಬಂದಾಗ ಯಾರೂ ನಗುವುದಿಲ್ಲ.

ಓಡುವಾಗ ಟ್ರಕ್ ಹಿಂದೆ ಮುಂದೆ ಜಗ್ಗಿದ ಹಾಗೆ ಆದರೆ ಮೊದಲು ರಸ್ತೆ ನೋಡಿ. ಕಾಂಕ್ರೀಟ್ ಹೈವೇಯ ಜೋಡುಗಳ ಮೇಲೆ ಮಾತ್ರ ಆಗುತ್ತಿದ್ದರೆ ಅದು ರಸ್ತೆಯ ಗುಣ. ಎಲ್ಲ ಕಡೆ ಆಗುತ್ತಿದ್ದರೆ ದವಡೆ ಮತ್ತು ಪಿನ್ ನಡುವಿನ ಸಡಿಲ, ಇಲ್ಲವೇ ಹಿಚ್‌ನ ಬೋಲ್ಟ್‌ಗಳ ಸಡಿಲ. ಮೂರನೆಯದೂ ಒಂದಿದೆ: ಸಾಮಾನೆಲ್ಲ ಹಿಂದೆ ತುಂಬಿ ಪಿನ್ ಮೇಲಿನ ಭಾರ ಕಡಿಮೆ ಆಗಿರುವುದು. ಟ್ರೇಲರ್‌ನ ಒಟ್ಟು ತೂಕದ ಸುಮಾರು 20 ಪರ್ಸೆಂಟ್ ಪಿನ್ ಮೇಲೆ ಇರಬೇಕು.

ದೀಪಗಳು: ಟ್ರಕ್ಕಿನ ತಪ್ಪೋ ಟ್ರೇಲರ್‌ನ ತಪ್ಪೋ

ಟ್ರೇಲರ್‌ನ ಕೇಬಲ್ ಕಳಚಿ, ಟ್ರಕ್ಕಿನ ಸಾಕೆಟ್‌ಗೆ ಟೆಸ್ಟರ್ ಚುಚ್ಚಿ. ಟೆಸ್ಟರ್‌ನಲ್ಲಿ ಎಲ್ಲ ಬೆಳಗಿದರೆ ಟ್ರಕ್ ಸರಿ ಇದೆ. ಬೆಳಗದಿದ್ದರೆ ಟ್ರೇಲರ್ ಕೆಳಗೆ ಮಲಗಿ ತಂತಿ ಎಣಿಸುವುದು ವ್ಯರ್ಥ. ಟ್ರಕ್ಕಿನ ಫ್ಯೂಸ್ ಬಾಕ್ಸ್‌ನಲ್ಲಿ ಟ್ರೇಲರ್‌ಗೆ ಅಂತಲೇ ಬೇರೆ ಫ್ಯೂಸ್‌ಗಳಿರುತ್ತವೆ, ಅವನ್ನು ನೋಡಿ.

ಮೀಟರ್‌ನಿಂದ ನೋಡುವವರಿಗೆ ಸಾಕೆಟ್‌ನ ನಕ್ಷೆ ಇದು. ಟ್ರಕ್ಕಿನ ಸಾಕೆಟ್‌ಗೆ ಮುಖ ಮಾಡಿ, ಗುರುತಿನ ಕಚ್ಚು ಮೇಲಿರುವಂತೆ ಗಡಿಯಾರ ಅಂದುಕೊಳ್ಳಿ. 1 ಗಂಟೆ ಜಾಗದಲ್ಲಿ ಬ್ಯಾಟರಿ ಚಾರ್ಜ್‌ನ 12 ವೋಲ್ಟ್. 3ರಲ್ಲಿ ಬಲದ ಇಂಡಿಕೇಟರ್ ಮತ್ತು ಬ್ರೇಕ್ ದೀಪ. 5ರಲ್ಲಿ ಟ್ರೇಲರ್ ಬ್ರೇಕ್. 7ರಲ್ಲಿ ಅರ್ತ್. 9ರಲ್ಲಿ ಎಡದ ಇಂಡಿಕೇಟರ್. 11ರಲ್ಲಿ ಹಿಂದಿನ ಸಾಲು ದೀಪಗಳು. ನಡುವೆ ರಿವರ್ಸ್. ಟ್ರೇಲರ್ ಕಡೆ ಬ್ರೇಕ್ ತಂತಿ ನೀಲಿ, ಅರ್ತ್ ಬಿಳಿ. ಉಳಿದ ಬಣ್ಣಗಳನ್ನು ತಯಾರಕರು ಒಂದೇ ರೀತಿ ಪಾಲಿಸುವುದಿಲ್ಲ, ಹಾಗಾಗಿ ಬಣ್ಣವನ್ನು ನಂಬುವ ಬದಲು ಮೀಟರನ್ನು ನಂಬಿ.

ಎಡಕ್ಕೆ ಇಂಡಿಕೇಟರ್ ಹಾಕಿದರೆ ಎರಡೂ ಕಡೆ ಮಿನುಗುತ್ತದೆ, ಬ್ರೇಕ್ ಒತ್ತಿದರೆ ಸಾಲು ದೀಪ ಮಂಕಾಗುತ್ತದೆ. ಇಂಥ ವಿಚಿತ್ರಗಳಿಗೆ ಹತ್ತಿರ ಹತ್ತಿರ ಯಾವಾಗಲೂ ಅರ್ತ್ ಕಾರಣ. ಕರೆಂಟಿಗೆ ವಾಪಸ್ ಹೋಗುವ ದಾರಿ ಸಿಗದೆ ಬೇರೆ ದೀಪದ ತಂತಿಯಲ್ಲಿ ನುಗ್ಗುತ್ತದೆ. ಪ್ಲಗ್‌ನ ಬ್ಲೇಡುಗಳಿಗೆ ಹಸಿರು ಕಿಲುಬು ಹಿಡಿದಿದೆಯಾ ನೋಡಿ. ಸಣ್ಣ ಉಪ್ಪು ಕಾಗದದಿಂದ ಉಜ್ಜಿ, ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ. ಆಮೇಲೆ ಬಿಳಿ ತಂತಿ ಟ್ರೇಲರ್‌ನ ಚಾಸಿಗೆ ಸೇರುವ ಬೋಲ್ಟ್ ಹುಡುಕಿ, ಬಣ್ಣ ಕೆರೆದು ಬಿಗಿ ಮಾಡಿ.

ಬ್ರೇಕ್

ಕೊಲೊರಾಡೋದ ಐ-70 ಹೈವೇಯಲ್ಲಿ ಐಸೆನ್‌ಹೋವರ್ ಸುರಂಗ ಸುಮಾರು 11 ಸಾವಿರ ಅಡಿ ಎತ್ತರದಲ್ಲಿದೆ. ಅಲ್ಲಿಂದ ಡೆನ್ವರ್ ಕಡೆ ಇಳಿಯುವಾಗ ಟ್ರೇಲರ್‌ನ ಬ್ರೇಕ್ ಕೆಲಸ ಮಾಡುತ್ತಿಲ್ಲ ಅಂತ ತಿಳಿಯುವುದು ಬೇಡ. ಮನೆಯ ಮುಂದೆ ಸಮತಟ್ಟು ನೆಲದಲ್ಲೇ ತಿಳಿದುಕೊಳ್ಳಿ.

ಹೆಚ್ಚಿನ ಟ್ರೇಲರ್‌ಗಳಲ್ಲಿ ಪ್ರತಿ ಚಕ್ರದ ಡ್ರಮ್ ಒಳಗೆ ಒಂದು ಎಲೆಕ್ಟ್ರಿಕ್ ಮ್ಯಾಗ್ನೆಟ್ ಇರುತ್ತದೆ. ಟ್ರಕ್ಕಿನ ಕಂಟ್ರೋಲರ್ ನೀಲಿ ತಂತಿಯಲ್ಲಿ ಕರೆಂಟ್ ಕಳಿಸಿದಾಗ ಮ್ಯಾಗ್ನೆಟ್ ತಿರುಗುವ ಡ್ರಮ್‌ಗೆ ಅಂಟಿಕೊಂಡು ಜಗ್ಗುತ್ತದೆ, ಶೂಗಳು ಒತ್ತುತ್ತವೆ. ದುಬಾರಿ ಟ್ರೇಲರ್‌ಗಳಲ್ಲಿ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇರಬಹುದು. ಅವಕ್ಕೆ ಈ ಭಾಗದ ಅಳತೆಗಳು ಹೊಂದುವುದಿಲ್ಲ.

ಡ್ಯಾಶ್‌ಬೋರ್ಡ್‌ನಲ್ಲಿ ಟ್ರೇಲರ್ ಜೋಡಿಸಿಲ್ಲ ಅಂತ ಬರುತ್ತಿದೆ, ಅಥವಾ ವೈರಿಂಗ್ ದೋಷ ಅಂತ ಬರುತ್ತಿದೆ ಅಂದುಕೊಳ್ಳಿ. ಮೊದಲು ಪ್ಲಗ್ ಪೂರ್ತಿ ಒಳಗೆ ಹೋಗಿದೆಯಾ, ಮುಚ್ಚಳದ ಕೊಕ್ಕೆ ಸಿಕ್ಕಿದೆಯಾ ನೋಡಿ. ನಗಬೇಡಿ, ಎಷ್ಟೋ ಸಲ ಇಷ್ಟೇ ಆಗಿರುತ್ತದೆ.

ಅಲ್ಲಿ ಸರಿ ಇದ್ದರೆ ದೋಷವನ್ನು ಎರಡು ಪಾಲು ಮಾಡಬೇಕು. ಅದಕ್ಕೆ ಬ್ರೇಕ್‌ಅವೇ ಸ್ವಿಚ್ ಇದೆ. ಟ್ರೇಲರ್ ಕಳಚಿ ಹೋದರೆ ಒಂದು ತಂತಿ ಈ ಸ್ವಿಚ್‌ನ ಪಿನ್ ಕಿತ್ತು, ಟ್ರೇಲರ್‌ನ ಬ್ಯಾಟರಿಯಿಂದಲೇ ಬ್ರೇಕ್ ಹಿಡಿಯುತ್ತದೆ. ಪರೀಕ್ಷೆಗೆ 7 ಪಿನ್ ಕೇಬಲ್ ಮೊದಲು ಕಳಚಿ, ಇಲ್ಲದಿದ್ದರೆ ಕರೆಂಟ್ ಹಿಂದಕ್ಕೆ ಹರಿದು ಟ್ರಕ್ಕಿನ ಕಂಟ್ರೋಲರ್‌ಗೆ ಪೆಟ್ಟು. ಆಮೇಲೆ ಪಿನ್ ಕಿತ್ತು, ಚಕ್ರದ ಹತ್ತಿರ ಕಿವಿ ಕೊಡಿ. ಮ್ಯಾಗ್ನೆಟ್‌ನ ಸಣ್ಣ ಗುಂಯ್ ಸದ್ದು ಕೇಳಬಹುದು. ಟ್ರಕ್ಕಿನಿಂದ ಮೆತ್ತಗೆ ಎಳೆದರೆ ಟ್ರೇಲರ್ ಅಲುಗಬಾರದು. ಹಿಡಿದರೆ ಮ್ಯಾಗ್ನೆಟ್‌ಗಳೂ ಟ್ರೇಲರ್‌ನ ತಂತಿಗಳೂ ಬಹುಮಟ್ಟಿಗೆ ಸರಿ, ದೋಷ ಟ್ರಕ್‌ನಲ್ಲೋ ಕೇಬಲ್‌ನಲ್ಲೋ ಇದೆ. ಹಿಡಿಯದಿದ್ದರೆ ಮೊದಲು ಬ್ಯಾಟರಿ, ನಂತರ ಟ್ರೇಲರ್‌ನ ವೈರಿಂಗ್. ಪಿನ್ ಬೇಗ ವಾಪಸ್ ಹಾಕಿ. ಹೊತ್ತು ಗೊತ್ತಿಲ್ಲದೆ ಬಿಟ್ಟರೆ ಬ್ಯಾಟರಿ ಬರಿದಾಗಿ ಮ್ಯಾಗ್ನೆಟ್‌ಗಳು ಸುಡುತ್ತವೆ.

ಇನ್ನೂ ಹತ್ತಿರ ಹೋಗಬೇಕು ಅಂದರೆ ಆಂಪ್ ಅಳೆಯಿರಿ. 10 ಅಥವಾ 12 ಇಂಚಿನ ಬ್ರೇಕ್‌ನ ಒಂದು ಮ್ಯಾಗ್ನೆಟ್ ಪೂರ್ತಿ 12 ವೋಲ್ಟ್‌ನಲ್ಲಿ ಸುಮಾರು 3 ಆಂಪ್ ಎಳೆಯುತ್ತದೆ. ಎರಡು ಆಕ್ಸಲ್ ಅಂದರೆ ನಾಲ್ಕು ಮ್ಯಾಗ್ನೆಟ್, ಒಟ್ಟು 12ರ ಆಸುಪಾಸು. ತಂತಿಯ ಸುತ್ತ ಕಚ್ಚಿಸಿ ಆಂಪ್ ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರನ್ನು ನೀಲಿ ತಂತಿಗೆ ಹಾಕಿ ಓದಿ. 9 ಬಂದರೆ ಒಂದು ಚಕ್ರ ಕೆಲಸ ಮಾಡುತ್ತಿಲ್ಲ. 6 ಬಂದರೆ ಎರಡು, ಬಹುಶಃ ಒಂದೇ ಆಕ್ಸಲ್‌ನವು. ಸೊನ್ನೆ ಬಂದರೆ ನೀಲಿ ಅಥವಾ ಬಿಳಿ ಎಲ್ಲೋ ತುಂಡಾಗಿದೆ. 12ಕ್ಕಿಂತ ತುಂಬ ಮೇಲೆ ಹೋದರೆ ಶಾರ್ಟ್.

ಶಾರ್ಟ್‌ಗೆ ಹೆಸರಾದ ಒಂದು ಜಾಗ ಇದೆ. ಒಂದು ಕಡೆಯ ಚಕ್ರದಿಂದ ಇನ್ನೊಂದು ಕಡೆಗೆ ತಂತಿ ಆಕ್ಸಲ್‌ನ ಕೊಳವೆ ಒಳಗಿಂದ ಹೋಗಿರುತ್ತದೆ. ಕುಲುಕಿ ಕುಲುಕಿ ಒಳಗೆ ಉಜ್ಜಿ ಅದರ ಪ್ಲಾಸ್ಟಿಕ್ ಸವೆಯುತ್ತದೆ. ಹೊರಗಿಂದ ಏನೂ ಕಾಣುವುದಿಲ್ಲ. ನಿಂತಾಗ ಸರಿ, ಓಡುವಾಗ ಆಗೊಮ್ಮೆ ಈಗೊಮ್ಮೆ ದೋಷ ತೋರಿಸುತ್ತದೆ. ಆ ತಂತಿಯನ್ನು ಕತ್ತರಿಸಿ ಬಿಟ್ಟು, ಹೊಸದನ್ನು ಆಕ್ಸಲ್ ಹೊರಗಿಂದ ಕಟ್ಟಿ ಹಾಯಿಸುವುದೇ ಶಾಶ್ವತ ಪರಿಹಾರ.

ಕರೆಂಟ್ ಸರಿ ಇದೆ, ಆದರೂ ಹಿಡಿತ ಕಡಿಮೆ? ಹತ್ತು ನಿಮಿಷ ಓಡಿಸಿ, ನಾಲ್ಕೈದು ಸಲ ಸಾಧಾರಣವಾಗಿ ಬ್ರೇಕ್ ಒತ್ತಿ, ನಿಲ್ಲಿಸಿ ಪ್ರತಿ ಹಬ್‌ನ (ಚಕ್ರದ ನಡುಭಾಗ) ಬಿಸಿ ಅಳೆಯಿರಿ. ನಾಲ್ಕೂ ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ ತಣ್ಣಗಿದ್ದರೆ ಆ ಬ್ರೇಕ್ ಹಿಡಿಯುತ್ತಿಲ್ಲ: ಮ್ಯಾಗ್ನೆಟ್ ಸವೆದಿರಬಹುದು, ಶೂಗಳಿಗೆ ಗ್ರೀಸ್ ಹತ್ತಿರಬಹುದು. ಒಂದು ಮಾತ್ರ ತುಂಬ ಬಿಸಿ ಇದ್ದರೆ ಬ್ರೇಕ್ ಬಿಡುತ್ತಿಲ್ಲ, ಇಲ್ಲವೇ ಬೇರಿಂಗ್ ಹೋಗುತ್ತಿದೆ. ಬೇರಿಂಗ್ ಅನುಮಾನ ಬಂದರೆ ಅಲ್ಲಿಗೆ ಪ್ರಯಾಣ ನಿಲ್ಲಿಸಿ.

ನಾಲ್ಕೂ ಒಂದೇ ಥರ ದುರ್ಬಲ ಅಂದರೆ ಕಂಟ್ರೋಲರ್‌ನ ಗೇನ್, ಅಂದರೆ ಬ್ರೇಕಿಗೆ ಎಷ್ಟು ಬಲ ಕಳಿಸಬೇಕು ಅನ್ನುವ ಸೆಟ್ಟಿಂಗ್, ಕಡಿಮೆ ಇಟ್ಟಿದ್ದೀರಿ. ಖಾಲಿ ಜಾಗದಲ್ಲಿ ಗಂಟೆಗೆ 20-25 ಮೈಲಿ ವೇಗದಲ್ಲಿ ಹೋಗುತ್ತಾ ಕೈ ಲಿವರ್ ಪೂರ್ತಿ ಒತ್ತಿ. ಚಕ್ರಗಳು ಲಾಕ್ ಆಗುವವರೆಗೆ ಗೇನ್ ಏರಿಸಿ, ಆಮೇಲೆ ಲಾಕ್ ಆಗದಷ್ಟು ಇಳಿಸಿ. ತಾನಾಗಿ ಹೊಂದಿಕೊಳ್ಳದ ಹಳೆ ಬಗೆಯ ಬ್ರೇಕ್ ಆದರೆ ಮೊದಲ 200 ಮೈಲಿ ಆದ ಮೇಲೆ ಶೂಗಳನ್ನು ಕೈಯಿಂದ ಬಿಗಿ ಮಾಡಬೇಕು.

ಟ್ರೇಲರ್ ಒಳಗೆ 12 ವೋಲ್ಟ್

ಏನೂ ಹತ್ತುತ್ತಿಲ್ಲ ಅಂದರೆ ಬ್ಯಾಟರಿ ಡಿಸ್‌ಕನೆಕ್ಟ್ ಸ್ವಿಚ್ ನೋಡಿ. ಡೀಲರ್ ಅದನ್ನು ಸ್ಟೋರೇಜ್ ಸ್ಥಾನದಲ್ಲಿ ಬಿಟ್ಟು ಕೊಡುವುದು ಮಾಮೂಲು.

ಆಮೇಲೆ ಮೀಟರ್. ಏನೂ ಓಡದೆ ವಿಶ್ರಾಂತಿಯಲ್ಲಿರುವ ಲೆಡ್ ಆಸಿಡ್ ಬ್ಯಾಟರಿ 12.6 ತೋರಿಸಿದರೆ ತುಂಬಿದೆ. 12.1ರ ಹತ್ತಿರ ಬಂದರೆ ಅರ್ಧ. ಅದಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಬ್ಯಾಟರಿಯ ಆಯಸ್ಸು ಕಡಿಮೆಯಾಗುತ್ತದೆ. ಲಿಥಿಯಂ ಆದರೆ ಬಹುತೇಕ ಕೊನೆಯವರೆಗೂ 13ರ ಮೇಲೆಯೇ ತೋರಿಸುತ್ತಿರುತ್ತದೆ, ವೋಲ್ಟ್ ನೋಡಿ ಏನೂ ಹೇಳಲಾಗದು. ಕಂಬಕ್ಕೆ ಸಿಕ್ಕಿಸಿದಾಗ ಬ್ಯಾಟರಿಯ ಮೇಲೆ 13.6ರ ಆಸುಪಾಸು ಕಾಣಬೇಕು. 12.4ರಲ್ಲೇ ನಿಂತಿದ್ದರೆ ಕನ್ವರ್ಟರ್ ಚಾರ್ಜ್ ಮಾಡುತ್ತಿಲ್ಲ. ಮೊದಲು ಅದರ ಬ್ರೇಕರ್ ನೋಡಿ, ನಂತರ ಅದರ ಫ್ಯೂಸ್, ಆಮೇಲೆ ಕನ್ವರ್ಟರನ್ನೇ.

ಸುಮ್ನೆ ಇರುವಾಗಿನ ವೋಲ್ಟ್ ನೋಡಿ ಮೋಸಹೋಗಬೇಡಿ. ಸ್ಲೈಡ್ ಸ್ವಿಚ್ ಒತ್ತಿ ಹಿಡಿದಾಗ ಓದಿ. 12.5 ಇದ್ದದ್ದು 10.5ಕ್ಕೆ ಕುಸಿದರೆ ಬ್ಯಾಟರಿ ಸೋತಿದೆ. ಬ್ಯಾಟರಿಯ ಮೇಲೆ 12.3 ಇದ್ದು ಮೋಟಾರ್ ಹತ್ತಿರ 10.5 ಇದ್ದರೆ ನಡುವೆ ಎಲ್ಲೋ ಜೋಡಣೆ ಸಡಿಲ. ಸ್ಲೈಡ್ ಅರ್ಧಕ್ಕೆ ನಿಂತು, ಕೆಲವು ನಿಮಿಷ ಬಿಟ್ಟು ಮತ್ತೆ ಓಡಿದರೆ ತಾನಾಗಿ ಸರಿಹೋಗುವ ಬ್ರೇಕರ್ ಬಿಸಿಯಾಗಿ ಕರೆಂಟ್ ಕಡಿದಿದೆ ಅಂತ ಅರ್ಥ. ಟ್ರಕ್ ಜೋಡಿಸಿ ಎಂಜಿನ್ ಓಡಿಸಿದರೆ ಚಾರ್ಜ್ ಲೈನಿನಿಂದ ಸ್ವಲ್ಪ ಬಲ ಬರುತ್ತದೆ. ಅದು ಸಣ್ಣ ತಂತಿ, ಪವಾಡ ನಿರೀಕ್ಷಿಸಬೇಡಿ.

ಹೀಟರ್ ವಿಷಯಕ್ಕೆ ಬರೋಣ. ಇದು ಗ್ಯಾಸಿನ ತೊಂದರೆ ಅಂತ ಕಾಣಿಸುವ ಬ್ಯಾಟರಿ ತೊಂದರೆ. ಥರ್ಮೋಸ್ಟಾಟ್ ಹೇಳಿದಾಗ ಮೊದಲು ಫ್ಯಾನ್ ತಿರುಗುತ್ತದೆ. ಗಾಳಿಯ ಒತ್ತಡಕ್ಕೆ ಸೈಲ್ ಸ್ವಿಚ್ ಅನ್ನುವ ಸಣ್ಣ ಹಾಳೆ ಬಾಗಿ ಮುಚ್ಚಿಕೊಳ್ಳುತ್ತದೆ. ಅದು ಮುಚ್ಚಿದರೆ ಮಾತ್ರ ಗ್ಯಾಸ್ ತೆರೆದು ಕಿಡಿ ಹಾರುತ್ತದೆ. ಚಳಿ ರಾತ್ರಿ ಫ್ಯಾನ್ ಓಡಿ ಓಡಿ ಬ್ಯಾಟರಿ ಇಳಿದಿರುತ್ತದೆ. ಬೆಳಗಿನ ಜಾವ ಫ್ಯಾನ್ ತಿರುಗುತ್ತದೆ, ಆದರೆ ನಿಧಾನ. ಹಾಳೆ ಬಾಗುವುದಿಲ್ಲ. ತಣ್ಣನೆ ಗಾಳಿ ಬರುತ್ತದೆ, ಆಮೇಲೆ ಅದೂ ನಿಲ್ಲುತ್ತದೆ.

ಕಿವಿಯಿಂದಲೇ ಪತ್ತೆ ಮಾಡಬಹುದು. ಫ್ಯಾನ್ ಮಾತ್ರ, ಟಿಕ್ ಟಿಕ್ ಕಿಡಿ ಸದ್ದು ಇಲ್ಲ: ವೋಲ್ಟ್ ಕಡಿಮೆ, ಅಥವಾ ಸೈಲ್ ಸ್ವಿಚ್‌ಗೆ ಧೂಳು, ಕೂದಲು ಸಿಕ್ಕಿದೆ. ಕಿಡಿ ಸದ್ದು ಇದೆ, ಬೆಂಕಿ ಇಲ್ಲ: ಗ್ಯಾಸ್ ಬಂದಿಲ್ಲ. ಬೆಂಕಿ ಹೊತ್ತಿ ಕೆಲವೇ ಸೆಕೆಂಡಿಗೆ ಆರುತ್ತದೆ: ಜ್ವಾಲೆಯನ್ನು ಗುರುತಿಸುವ ಎಲೆಕ್ಟ್ರೋಡ್ ಕೊಳಕಾಗಿದೆ ಅಥವಾ ಜಾಗ ಸರಿದಿದೆ.

ಕಂಬದ ಕರೆಂಟ್

30 ಆಂಪ್ ಟ್ರೇಲರ್‌ಗೆ ಸಿಗುವುದು ಒಟ್ಟು 3,600 ವಾಟ್. 50 ಆಂಪ್ ಕಂಬದಲ್ಲಿ ಎರಡು ಲೈನ್ ಇರುವುದರಿಂದ 12,000. ಮೊದಲ ಸಲದವರಿಗೆ ಈ ಅಂತರ ಅಷ್ಟೊಂದು ಇದೆ ಅಂತ ಗೊತ್ತಿರುವುದಿಲ್ಲ. ಏಸಿ 12-15 ಆಂಪ್, ನೀರು ಕಾಯಿಸುವ ಎಲೆಕ್ಟ್ರಿಕ್ ಕಾಯಿಲ್ ಸುಮಾರು 12, ಮೇಲೆ ಮೈಕ್ರೋವೇವ್. ಬ್ರೇಕರ್ ಬಿದ್ದರೆ ಅದು ದೋಷವಲ್ಲ, ಲೆಕ್ಕ. ಗೀಸರನ್ನು ಗ್ಯಾಸ್‌ಗೆ ಬದಲಿಸಿ ನೋಡಿ.

ಅಡುಗೆಮನೆ, ಬಚ್ಚಲು, ಹೊರಗಿನ ಸಾಕೆಟ್‌ಗಳು ಒಟ್ಟಿಗೇ ಸತ್ತಿದ್ದರೆ ಜಿಎಫ್‌ಸಿಐ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸುರಕ್ಷತಾ ಸಾಕೆಟ್, ಬಿದ್ದಿದೆ. ಒಂದೇ ಬಟನ್ ಇವೆಲ್ಲವನ್ನೂ ಕಾಯುತ್ತಿರುತ್ತದೆ. ಅದು ಬಚ್ಚಲಲ್ಲೋ ಅಡುಗೆ ಕಟ್ಟೆಯಲ್ಲೋ ಇರುತ್ತದೆ. ಟ್ರೇಲರನ್ನು ಮನೆಯ ಗ್ಯಾರೇಜ್‌ಗೆ ಸಿಕ್ಕಿಸಿದ ಕೂಡಲೇ ಗ್ಯಾರೇಜ್‌ನ ಜಿಎಫ್‌ಸಿಐ ಬೀಳುತ್ತಿದ್ದರೆ ಟ್ರೇಲರ್‌ನ ಎಲ್ಲ ಬ್ರೇಕರ್ ಆಫ್ ಮಾಡಿ, ಒಂದೊಂದಾಗಿ ಹಾಕಿ. ಬಹಳ ಸಲ ಸಿಕ್ಕಿಬೀಳುವುದು ಗೀಸರ್‌ನ ಕಾಯಿಲ್.

ಬೇಸಿಗೆಯ ಮಧ್ಯಾಹ್ನ ಎಲ್ಲರ ಏಸಿಯೂ ಓಡುವಾಗ ಹಳೆಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ವೋಲ್ಟ್ ಕುಸಿಯುತ್ತದೆ. 104ಕ್ಕಿಂತ ಕೆಳಗೆ ಏಸಿ ಓಡಿಸಿದರೆ ಕಂಪ್ರೆಸರ್‌ಗೆ ಕಷ್ಟ. ಕಂಬ ಮತ್ತು ಟ್ರೇಲರ್ ನಡುವೆ ಕೂತು ವೋಲ್ಟ್ ಕಾಯುವ ಒಳ್ಳೆಯ ಎನರ್ಜಿ ಮ್ಯಾನೇಜ್‌ಮೆಂಟ್ ಪೆಟ್ಟಿಗೆ ಅಲ್ಲಿ ತಾನಾಗಿ ಕರೆಂಟ್ ಕಡಿಯುತ್ತದೆ. ಹೊಸಬರು ಪೆಟ್ಟಿಗೆಯೇ ಕೆಟ್ಟಿದೆ ಅಂದುಕೊಂಡು ಅದನ್ನು ಕಿತ್ತು ನೇರ ಸಿಕ್ಕಿಸುತ್ತಾರೆ. ಅದು ಕಾಪಾಡುತ್ತಿತ್ತು, ಅಲ್ವಾ?

ಮನೆಯಲ್ಲಿ 30 ಆಂಪ್ ಸಾಕೆಟ್ ಹಾಕಿಸುವವರು ಎಲೆಕ್ಟ್ರಿಷಿಯನ್‌ಗೆ 120 ವೋಲ್ಟ್ ಅಂತ ಒತ್ತಿ ಹೇಳಿ. ಮೂರು ಕಾಲಿನ ಆ ಸಾಕೆಟ್ ನೋಡಿ ಬಟ್ಟೆ ಒಣಗಿಸುವ ಡ್ರೈಯರ್‌ದು ಅಂದುಕೊಂಡು 240 ಕೊಟ್ಟುಬಿಡುತ್ತಾರೆ. ಟ್ರೇಲರ್ ಸಿಕ್ಕಿಸುವ ಮೊದಲು ಮೀಟರ್ ಇಟ್ಟು ನೋಡಿ.

ಬಾಗಿಲಿನ ಹಿಡಿ ಮುಟ್ಟಿದಾಗ ಜುಮ್ ಅಂದರೆ ಅದನ್ನು ಸಣ್ಣದು ಅನ್ನಬೇಡಿ. ಅರ್ತ್ ತಪ್ಪಿದೆ, ಟ್ರೇಲರ್‌ನ ಮೈಗೆಲ್ಲ ಕರೆಂಟ್ ಬಂದಿದೆ. ಮತ್ತೆ ಮುಟ್ಟದೆ ಕಂಬದ ಬ್ರೇಕರ್ ಇಳಿಸಿ, ಕೇಬಲ್ ಕಿತ್ತು, ಮಕ್ಕಳನ್ನು ದೂರ ಇಡಿ. ಬರಿಗಾಲಲ್ಲಿ ಒದ್ದೆ ಹುಲ್ಲಿನ ಮೇಲೆ ನಿಂತವರು ಸತ್ತೇ ಹೋಗಬಹುದು.

ಗ್ಯಾಸ್

ವಾಸನೆ ಬಂದರೆ ಪತ್ತೆ ಕೆಲಸ ಇಲ್ಲ. ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಬನ್ನಿ, ಸಿಲಿಂಡರ್ ಮುಚ್ಚಿ, ದೂರ ನಿಂತು ಸಹಾಯಕ್ಕೆ ಫೋನ್ ಮಾಡಿ. ಪ್ರೊಪೇನ್ ಗಾಳಿಗಿಂತ ಭಾರ, ಅದಕ್ಕೇ ಅದರ ಅಲಾರಂ ನೆಲದ ಹತ್ತಿರ ಇರುವುದು. ಆ ಅಲಾರಂಗೂ ಆಯಸ್ಸಿದೆ, ಅದರ ಮೇಲಿನ ತಾರೀಕು ನೋಡಿ. ಸೋಪು ನೀರು ಬೇಕಾಗುವುದು ಸಿಲಿಂಡರ್ ಬದಲಿಸಿದ ಮೇಲೆ ಹೊರಗಿನ ಜೋಡಣೆಯಲ್ಲಿ ಗುಳ್ಳೆ ಬರುತ್ತದಾ ನೋಡಲು.

ವಾಸನೆ ಇಲ್ಲ, ಸಿಲಿಂಡರ್ ತುಂಬಿದೆ, ಆದರೂ ಒಲೆಯ ಉರಿ ಸಣ್ಣ. ಇದು ತುಂಬ ಸಾಮಾನ್ಯ. ಸಿಲಿಂಡರ್ ವಾಲ್ವನ್ನು ರಭಸದಿಂದ ತಿರುಗಿಸಿದರೆ ಎಲ್ಲೋ ಪೈಪ್ ಒಡೆದಿದೆ ಅಂದುಕೊಂಡು ಅದರ ಸುರಕ್ಷತಾ ಸಾಧನ ಹರಿವನ್ನು ತಡೆಯುತ್ತದೆ. ಒಲೆ, ಗೀಸರ್ ಎಲ್ಲ ಆಫ್ ಮಾಡಿ. ಸಿಲಿಂಡರ್ ಮುಚ್ಚಿ ಒಂದೆರಡು ನಿಮಿಷ ಕಾಯಿರಿ. ಆಮೇಲೆ ತೀರಾ ನಿಧಾನವಾಗಿ ತೆರೆಯಿರಿ. ಮೊದಲು ಒಲೆ ಹತ್ತಿಸಿ, ಪೈಪಿನ ಗಾಳಿ ಹೊರಗೆ ಹೋಗಲಿ. ಆಮೇಲೆ ಉಳಿದವು.

ಗ್ಯಾಸ್‌ನಲ್ಲಿ ಓಡುವ ಫ್ರಿಜ್ ತಣ್ಣಗಾಗುತ್ತಿಲ್ಲ ಅಂದರೆ ಟ್ರೇಲರ್ ಸಮತಟ್ಟಾಗಿ ನಿಂತಿದೆಯಾ ನೋಡಿ. ಅದರಲ್ಲಿ ಕಂಪ್ರೆಸರ್ ಇಲ್ಲ, ದ್ರವ ತನ್ನ ಭಾರಕ್ಕೆ ತಾನೇ ಇಳಿದು ಹರಿಯಬೇಕು. ಓರೆಯಾಗಿ ಬಹಳ ಹೊತ್ತು ಓಡಿಸಿದರೆ ಶಾಶ್ವತವಾಗಿ ಹಾಳಾಗುತ್ತದೆ. ಸರಿ ಇದ್ದರೂ ತಣ್ಣಗಾಗಲು ಒಂದು ರಾತ್ರಿ ಬೇಕು. ಮಸಾಲೆದೋಸೆ ಹಿಟ್ಟು ಇಡುವ ಯೋಚನೆ ಇದ್ದರೆ ಹಿಂದಿನ ದಿನವೇ ಆನ್ ಮಾಡಿ.

ನೀರು

ನಲ್ಲಿ ಎಲ್ಲ ಮುಚ್ಚಿದ್ದರೂ ಪಂಪ್ ಆಗಾಗ ಒಂದು ಸೆಕೆಂಡ್ ಗುರ್ ಅಂದರೆ ಎಲ್ಲೋ ಸೋರುತ್ತಿದೆ. ಟಾಯ್ಲೆಟ್ ವಾಲ್ವ್, ಸಿಂಕ್ ಕೆಳಗೆ, ಹೊರಗಿನ ಶವರ್ ನೋಡಿ. ಪಂಪ್ ಬಿಡದೆ ಓಡುತ್ತದೆ, ನೀರೇ ಇಲ್ಲ ಅಂದರೆ ಟ್ಯಾಂಕ್ ಖಾಲಿ, ಇಲ್ಲವೇ ಚಳಿಗಾಲಕ್ಕೆ ಆಂಟಿಫ್ರೀಜ್ ಹೀರಲು ತೆರೆದ ವಾಲ್ವ್ ಹಾಗೇ ಇದೆ. ಕ್ಯಾಂಪ್‌ಗ್ರೌಂಡ್ ನಲ್ಲಿಗೆ ಸಿಕ್ಕಿಸಿದಾಗ ಒಳಗಿನ ಟ್ಯಾಂಕ್ ತಾನಾಗಿ ತುಂಬಿ ಕೆಳಗೆ ಸುರಿದರೆ ಪಂಪಿನ ಚೆಕ್ ವಾಲ್ವ್‌ಗೆ ಕಸ ಸಿಕ್ಕಿದೆ. ಆ ನಲ್ಲಿಗೆ ಪ್ರೆಷರ್ ರೆಗ್ಯುಲೇಟರ್ ಹಾಕದೆ ಸಿಕ್ಕಿಸಲೇಬೇಡಿ. 40ರಿಂದ 60 ಪಿಎಸ್‌ಐ ಸಾಕು.

ಬಿಸಿನೀರು ಬರದಿದ್ದರೆ ಗೀಸರ್ ಹಿಂದಿನ ಬೈಪಾಸ್ ವಾಲ್ವ್ (ನೀರು ಗೀಸರ್ ಒಳಗೆ ಹೋಗದೆ ದಾಟಿಹೋಗುವಂತೆ ಮಾಡುವುದು) ನೋಡಿ. ಚಳಿಗಾಲಕ್ಕೆ ಮುಚ್ಚಿದ್ದನ್ನು ವಸಂತದಲ್ಲಿ ತೆರೆಯಲು ಮರೆತಿರುತ್ತಾರೆ. ಬರೀ ಬೆಚ್ಚಗೆ ಬರುತ್ತಿದ್ದರೆ ಕಾರಣ ಬಹುಶಃ ಹೊರಗಿನ ಶವರ್. ಅದರ ಎರಡೂ ನಲ್ಲಿ ತೆರೆದು, ಕೈಯಲ್ಲಿ ಹಿಡಿಯುವ ತಲೆಯ ಬಟನ್ ಮಾತ್ರ ಮುಚ್ಚಿದ್ದರೆ ತಣ್ಣೀರು ಅಲ್ಲಿಂದ ದಾಟಿ ಬಿಸಿ ಪೈಪಿಗೆ ಸೇರುತ್ತದೆ. ಗೀಸರ್ ಬದಲಿಸಲು ಹೊರಟವರೂ ಇದರಿಂದ ಬಚಾವಾಗಬಹುದು. ಗೀಸರ್‌ನ ಟ್ಯಾಂಕ್‌ನಲ್ಲಿ ನೀರಿಲ್ಲದೆ ಎಲೆಕ್ಟ್ರಿಕ್ ಕಾಯಿಲ್ ಹಾಕಿದರೆ ಮಾತ್ರ ಅದು ಕ್ಷಣದಲ್ಲೇ ಸುಟ್ಟುಹೋಗುತ್ತದೆ.

ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡಿದರೂ ಮೀಟರ್ ತುಂಬಿದೆ ಅಂದರೆ ಸೆನ್ಸರ್‌ಗೆ ಕಾಗದ ಅಂಟಿದೆ. ಅದನ್ನು ಯಾರೂ ನಂಬುವುದಿಲ್ಲ. ಆ ಟ್ಯಾಂಕಿನ ವಾಲ್ವನ್ನು ಮೂರರಲ್ಲಿ ಎರಡು ಪಾಲು ತುಂಬುವವರೆಗೆ ಮುಚ್ಚಿಡಿ. ಸದಾ ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಉಳಿಯುತ್ತದೆ. ಮುಂದಿನದನ್ನು ವಿವರಿಸುವುದು ಬೇಡ.

ಟೈರ್, ತೂಕ, ಮತ್ತು ಮೆಕ್ಯಾನಿಕ್‌ಗೆ ಫೋನ್

ಟೈರಿನ ಗಾಳಿ ತಣ್ಣಗಿರುವಾಗ ನೋಡಿ. ಬೇಕಾದ ಪಿಎಸ್‌ಐ ಟ್ರೇಲರ್‌ನ ಸ್ಟಿಕ್ಕರ್‌ನಲ್ಲಿ ಇದೆ. ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ 4 ಅಂಕಿ ತಯಾರಾದ ವಾರ ಮತ್ತು ವರ್ಷ: 2321 ಅಂದರೆ 2021ರ 23ನೇ ವಾರ. ಟ್ರೇಲರ್ ಹೊಸದಾದರೆ, ಅಥವಾ ಚಕ್ರ ಬಿಚ್ಚಿ ಹಾಕಿದ ಮೇಲೆ, ಚಕ್ರದ ನಟ್‌ಗಳನ್ನು 10, 25, 50 ಮೈಲಿಗೆ ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿ ಮಾಡಿ. ಟ್ರಕ್ ಹಿಂದೆ ಕುಸಿದು ಹೆಡ್‌ಲೈಟ್ ಆಕಾಶ ನೋಡುತ್ತಿದ್ದರೆ ಟ್ರಕ್ ಸ್ಟಾಪಿನ ತೂಕದ ಕಟ್ಟೆ ಮೇಲೆ ನಿಲ್ಲಿಸಿ. 12,000 ಪೌಂಡ್ ಟ್ರೇಲರ್ ಅಂದರೆ ಪಿನ್ ಮೇಲೆ ಸುಮಾರು 2,400. ಅದರ ಜೊತೆ ಹಿಚ್, ಮನೆಮಂದಿ, ಸಾಮಾನು ಸೇರಿ ಟ್ರಕ್ಕಿನ ಬಾಗಿಲಿನ ಚೌಕಟ್ಟಿನಲ್ಲಿ ಬರೆದ ಪೇಲೋಡ್ (ಟ್ರಕ್ ಹೊರಬಹುದಾದ ಭಾರ) ಮೀರಬಾರದು. ಎಳೆಯುವ ಶಕ್ತಿ ಇದೆ ಅನ್ನುವ ಜಾಹೀರಾತು ಇದಕ್ಕೆ ಉತ್ತರವಲ್ಲ.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ ಹೀಟರ್ ಕೆಟ್ಟಿದೆ ಅನ್ನಬೇಡಿ. ಫ್ಯಾನ್ ತಿರುಗುತ್ತಿದೆ, ಕಿಡಿ ಇಲ್ಲ, ಫ್ಯಾನ್ ಓಡುವಾಗ ಬ್ಯಾಟರಿ 12.4, ಒಲೆ ಚೆನ್ನಾಗಿ ಉರಿಯುತ್ತಿದೆ ಅನ್ನಿ. ಅವರು ಸರಿಯಾದ ಬಿಡಿಭಾಗ ಹಿಡಿದೇ ಬರುತ್ತಾರೆ. ವಾರಂಟಿ ಇದ್ದರೆ ಇನ್ನೊಂದು ವಿಷಯ: ಟ್ರೇಲರ್ ಕಂಪನಿ ಬೇರೆ, ಅದರೊಳಗಿನ ಫ್ರಿಜ್, ಏಸಿ, ಹೀಟರ್, ಆಕ್ಸಲ್ ಮಾಡಿದವರು ಬೇರೆ. ಬಹಳ ಸಲ ಒಂದೊಂದಕ್ಕೂ ಅದರದೇ ವಾರಂಟಿ. ಎಲ್ಲದರ ಮಾಡೆಲ್ ಮತ್ತು ಸೀರಿಯಲ್ ನಂಬರ್ ಫೋಟೋ ಈಗಲೇ ತೆಗೆದಿಡಿ. ಫ್ರಿಜ್‌ನದು ಬಾಗಿಲ ಒಳಗೆ, ಗೀಸರ್‌ನದು ಹೊರಗಿನ ಮುಚ್ಚಳದ ಹಿಂದೆ, ಆಕ್ಸಲ್‌ನದು ಕೊಳವೆಯ ಮೇಲೆಯೇ ಅಂಟಿಸಿರುತ್ತದೆ. ಆಕ್ಸಲ್‌ನ ಲೇಬಲ್ ಕೆಸರಿಗೆ ಬೇಗ ಅಳಿಸುತ್ತದೆ, ಅದನ್ನು ಮೊದಲು ತೆಗೆಯಿರಿ.